ಫ್ಲೋರಾ ಥಾಂಪ್ಸನ್

ಫ್ಲೋರಾ ಜೇನ್ ಥಾಂಪ್ಸನ್ (ಡಿಸೆಂಬರ್ 5, 1876 – ಮೇ 21, 1947) ಇಂಗ್ಲೆಂಡಿನ ಲೇಖಕಿ ಹಾಗೂ ಕವಯಿತ್ರಿ. ಹಳ್ಳಿಗಳಲ್ಲಿ ಕಳೆದ ತಮ್ಮ ಬಾಲ್ಯವನ್ನೂ ಉದ್ಯೋಗದ ಮೊದಲ ವರ್ಷಗಳನ್ನೂ ಆಧರಿಸಿ ಬರೆದ 'ಲಾರ್ಕ್ ರೈಸ್ ಟು ಕ್ಯಾಂಡಲ್‌ಫರ್ಡ್' ಎಂಬ ಕೃತಿತ್ರಯದಿಂದ ಅವರು ಪ್ರಸಿದ್ಧರಾಗಿದ್ದಾರೆ. 19ನೇ ಶತಮಾನದ ಕೊನೆಯ ದಶಕಗಳ ಗ್ರಾಮಜೀವನವನ್ನು ಭೂಮಾಲೀಕರ ದೃಷ್ಟಿಯಿಂದಲ್ಲದೆ, ಕೂಲಿಕಾರರ ನಡುವೆಯೇ ಬೆಳೆದವರ ದೃಷ್ಟಿಯಿಂದ ದಾಖಲಿಸಿರುವುದು ಈ ಕೃತಿಯ ವೈಶಿಷ್ಟ್ಯ.

ಬಾಲ್ಯ

ಫ್ಲೋರಾ ಅವರು ಆಕ್ಸ್‌ಫರ್ಡ್‌ಷೈರ್ ಪ್ರಾಂತ್ಯದ ಈಶಾನ್ಯ ಭಾಗದಲ್ಲಿರುವ ಜುನಿಪರ್ ಹಿಲ್ ಎಂಬ ಪುಟ್ಟ ಹಳ್ಳಿಯಲ್ಲಿ ಜನಿಸಿದರು. ತಂದೆ ಆಲ್ಬರ್ಟ್ ಟಿಮ್ಸ್ ಕಲ್ಲುಕುಟಿಗರು. ತಾಯಿ ಎಮ್ಮಾ ಮದುವೆಗೆ ಮೊದಲು ಸಿರಿವಂತರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದರು. ದಂಪತಿಗಳಿಗೆ ಹುಟ್ಟಿದ 12 ಮಕ್ಕಳಲ್ಲಿ ಬಾಲ್ಯವನ್ನು ದಾಟಿ ಬದುಕಿದವರು 6 ಮಂದಿ ಮಾತ್ರ. ಅವರಲ್ಲಿ ಫ್ಲೋರಾ ಹಿರಿಯರು. ತಮ್ಮ ಎಡ್ವಿನ್ ಅವರಿಗೆ ಅತ್ಯಂತ ಆಪ್ತನಾಗಿದ್ದನು.

ಆ ಕಾಲದಲ್ಲಿ ಅಲ್ಲಿನ ಕೃಷಿಕೂಲಿಕಾರನ ವಾರದ ಕೂಲಿ ಸುಮಾರು 10 ಶಿಲಿಂಗ್. ಊರಿನ ಸಾಮೂಹಿಕ ಬಯಲಿಗೆ 19ನೇ ಶತಮಾನದ ಮಧ್ಯಭಾಗದಲ್ಲಿಯೇ ಬೇಲಿ ಬಿದ್ದು, ಬಡವರಿಗಿದ್ದ ಮೇವು ಮತ್ತು ಸೌದೆಯ ಹಕ್ಕು ಇಲ್ಲವಾಗಿತ್ತು. ಮನೆಯ ಹಿತ್ತಿಲಿನ ತರಕಾರಿ ಹಾಗೂ ಪ್ರತಿ ಕುಟುಂಬವೂ ಸಾಕುತ್ತಿದ್ದ ಹಂದಿಯೇ ಊಟಕ್ಕೆ ಆಧಾರವಾಗಿದ್ದವು. ಸುಗ್ಗಿ ಮುಗಿದ ಹೊಲಗಳಲ್ಲಿ ಹೆಂಗಸರೂ ಮಕ್ಕಳೂ ಗೋಧಿಯ ಹಕ್ಕಲಾಯ್ದು ಚಳಿಗಾಲದ ಹಿಟ್ಟಿಗೆ ದಾರಿ ಮಾಡಿಕೊಳ್ಳುತ್ತಿದ್ದರು. ಗಂಡುಮಕ್ಕಳು ಶಾಲೆ ಬಿಟ್ಟೊಡನೆ ಹೊಲಕ್ಕೆ ಹೋದರೆ, ಹೆಣ್ಣುಮಕ್ಕಳು 12–13ನೇ ವಯಸ್ಸಿಗೇ ಊರು ಬಿಟ್ಟು ಪರರ ಮನೆಗೆಲಸಕ್ಕೆ ಸೇರುತ್ತಿದ್ದರು.

ಫ್ಲೋರಾ ಸುಮಾರು ಒಂದೂವರೆ ಮೈಲಿ ದೂರದ ಕಾಟಿಸ್‌ಫರ್ಡ್ ಗ್ರಾಮದ ಶಾಲೆಗೆ ನಡೆದು ಹೋಗುತ್ತಿದ್ದರು. ಅವರ ವಿಧಿವತ್ತಾದ ವಿದ್ಯಾಭ್ಯಾಸ ಅಲ್ಲಿಗೇ ಮುಗಿಯಿತು. ಮುಂದಿನ ಓದೆಲ್ಲವೂ ಎರವಲು ತಂದ ಪುಸ್ತಕಗಳಿಂದ ಹಾಗೂ ಸಾರ್ವಜನಿಕ ಗ್ರಂಥಾಲಯಗಳಿಂದ ನಡೆಯಿತು.

ಅಂಚೆ ಕಚೇರಿಯ ಸೇವೆ

1891ರಲ್ಲಿ, ತಮ್ಮ 14ನೇ ವಯಸ್ಸಿನಲ್ಲಿ, ಫ್ಲೋರಾ ಫ್ರಿಂಗ್‌ಫರ್ಡ್ ಗ್ರಾಮದ ಅಂಚೆ ಕಚೇರಿಯಲ್ಲಿ ಸಹಾಯಕಿಯಾಗಿ ಸೇರಿದರು. ಕೆಜಿಯಾ ವಿಟನ್ ಎಂಬ ಮಹಿಳೆ ಆ ಕಚೇರಿಯನ್ನೂ ಅದಕ್ಕೆ ಹೊಂದಿಕೊಂಡಿದ್ದ ಕಮ್ಮಾರಸಾಲೆಯನ್ನೂ ನಡೆಸುತ್ತಿದ್ದರು. ಮನೆಗೆಲಸವೊಂದೇ ದಾರಿಯಾಗಿದ್ದ ಬಡ ಹುಡುಗಿಯೊಬ್ಬಳಿಗೆ ಇದು ಅಪರೂಪದ ಅವಕಾಶವಾಗಿತ್ತು. ಕೃತಿತ್ರಯದ ಮೂರನೆಯ ಸಂಪುಟದಲ್ಲಿ ಈ ಕಾಲದ ವಿವರಗಳಿವೆ. ಅಂಚೆಚೀಟಿ ಮಾರುವುದು, ತಂತಿ ಕಳುಹಿಸುವುದು, ಕಾಲ್ನಡಿಗೆಯಲ್ಲಿ ಪತ್ರ ಹಂಚುವುದು, ಸುಗ್ಗಿಯ ಕೆಲಸಕ್ಕೆ ಬಂದ ಅನಕ್ಷರಸ್ಥ ಐರಿಷ್ ಕೂಲಿಕಾರರಿಗೆ ಮನೆಗೆ ಕಾಗದ ಬರೆದುಕೊಡುವುದು ಇವೆಲ್ಲವೂ ಅಲ್ಲಿ ವರ್ಣಿತವಾಗಿವೆ.

ಮುಂದೆ ಅವರು ಹ್ಯಾಂಪ್‌ಷೈರಿನ ಗ್ರೇಷಾಟ್ ಮೊದಲಾದೆಡೆ ಸೇವೆ ಸಲ್ಲಿಸಿದರು. ಗ್ರೇಷಾಟ್ ಕಚೇರಿಗೆ ಬರುತ್ತಿದ್ದ ಗ್ರಾಹಕರಲ್ಲಿ ಆರ್ಥರ್ ಕಾನನ್ ಡಾಯ್ಲ್ ಮತ್ತು ಜಾರ್ಜ್ ಬರ್ನಾರ್ಡ್ ಷಾ ಕೂಡ ಇದ್ದರು.

ವಿವಾಹ ಮತ್ತು ಆರಂಭದ ಬರಹಗಳು

1903ರಲ್ಲಿ ಅಂಚೆ ಹಾಗೂ ತಂತಿ ನೌಕರ ಜಾನ್ ಥಾಂಪ್ಸನ್ ಅವರೊಡನೆ ಫ್ಲೋರಾ ಅವರ ವಿವಾಹವಾಯಿತು. ದಂಪತಿಗಳಿಗೆ ಒಬ್ಬ ಮಗಳು ಹಾಗೂ ಇಬ್ಬರು ಗಂಡುಮಕ್ಕಳು. ಕುಟುಂಬವು ಬೋರ್ನ್‌ಮತ್‌ನಲ್ಲಿ ನೆಲೆಸಿತು. 1916ರಲ್ಲಿ ಲಿಪ್‌ಹುಕ್‌ಗೆ, 1928ರಲ್ಲಿ ಡಾರ್ಟ್‌ಮತ್‌ಗೆ ತೆರಳಿತು. 1911ರಲ್ಲಿ ಜೇನ್ ಆಸ್ಟಿನ್ ಕುರಿತ ಅವರ ಪ್ರಬಂಧಕ್ಕೆ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಬಹುಮಾನ ಬಂದಿತು. 1921ರಲ್ಲಿ 'ಬಾಗ್ ಮರ್ಟಲ್ ಅಂಡ್ ಪೀಟ್' ಕವನಸಂಕಲನ ಪ್ರಕಟವಾಯಿತು. ಅದೇ ದಶಕದಲ್ಲಿ ಅವರು 'ಕ್ಯಾಥೊಲಿಕ್ ಫೈರ್‌ಸೈಡ್' ಪತ್ರಿಕೆಗೆ ನಿಸರ್ಗಲೇಖನಗಳನ್ನು ಬರೆದರು. ಹವ್ಯಾಸಿ ಬರಹಗಾರರು ಅಂಚೆಯ ಮೂಲಕ ಪರಸ್ಪರರ ಬರಹಗಳನ್ನು ವಿಮರ್ಶಿಸಿಕೊಳ್ಳುವ ಪೆವೆರೆಲ್ ಸೊಸೈಟಿಯನ್ನೂ ನಡೆಸಿದರು.

ಕೃತಿತ್ರಯ

1938ರಲ್ಲಿ ಬಾಲ್ಯದ ನೆನಪುಗಳ ಕೆಲವು ಪ್ರಬಂಧಗಳನ್ನು ಫ್ಲೋರಾ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ಗೆ ಕಳುಹಿಸಿದರು. ಇವುಗಳ ಫಲವಾಗಿ 'ಲಾರ್ಕ್ ರೈಸ್' (1939), 'ಓವರ್ ಟು ಕ್ಯಾಂಡಲ್‌ಫರ್ಡ್' (1941) ಹಾಗೂ 'ಕ್ಯಾಂಡಲ್‌ಫರ್ಡ್ ಗ್ರೀನ್' (1943) ಹೊರಬಂದವು. ಮೊದಲ ಸಂಪುಟ ಪ್ರಕಟವಾದಾಗ ಅವರಿಗೆ 62 ವರ್ಷ. 1945ರಲ್ಲಿ ಮೂರೂ ಒಂದೇ ಗ್ರಂಥವಾಗಿ ಪ್ರಕಟಗೊಂಡವು.

ಇದು ಕಾದಂಬರಿ ಮತ್ತು ಆತ್ಮಕಥನಗಳ ನಡುವಿನ ಬರವಣಿಗೆ. ಫ್ಲೋರಾ ಇಲ್ಲಿ ಲಾರಾ ಆಗಿದ್ದಾರೆ, ಎಡ್ವಿನ್ ಎಡ್ಮಂಡ್ ಆಗಿದ್ದಾನೆ, ಜುನಿಪರ್ ಹಿಲ್ ಲಾರ್ಕ್ ರೈಸ್ ಆಗಿದೆ. ಹಾಡು, ಆಟ, ಉಡುಗೆ, ಅಡುಗೆ, ಸಾಲ, ಹೆರಿಗೆ, ಹಬ್ಬ ಹೀಗೆ ದಿನನಿತ್ಯದ ಸಂಗತಿಗಳೇ ಇದರ ವಸ್ತು. 1909ರಲ್ಲಿ ಮೊದಲ ಬಾರಿಗೆ ವೃದ್ಧಾಪ್ಯ ವೇತನ ಕೈಸೇರಿದಾಗ, ಮುದುಕರು ಅಂಚೆ ಕಚೇರಿಯ ಹುಡುಗಿಗೆ ಕೃತಜ್ಞತೆಯಿಂದ ಹೂವು, ಸೇಬುಗಳನ್ನು ತಂದುಕೊಟ್ಟ ಪ್ರಸಂಗವು ಓದುಗರ ನೆನಪಿನಲ್ಲಿ ಉಳಿಯುವಂಥದ್ದು.

ಎಡ್ವಿನ್ 1916ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಯುದ್ಧದಲ್ಲಿ ಮಡಿದನು. 'ಲಾರ್ಕ್ ರೈಸ್' ಸಂಪುಟವು ಯುದ್ಧಕ್ಕೆ ಹೋಗಿ ಮರಳದ 11 ಮಂದಿಯ ಸ್ಮರಣೆಯೊಂದಿಗೆ ಮುಕ್ತಾಯವಾಗುತ್ತದೆ. ಚರ್ಚಿನ ಗೋಡೆಯ ಫಲಕದಲ್ಲಿರುವ ಹೆಸರುಗಳಲ್ಲಿ ಎಡ್ಮಂಡ್‌ನದು ಕೊನೆಯದು.

ವಿಮರ್ಶೆ

ಇಂಗ್ಲೆಂಡಿನ ಗ್ರಾಮೀಣ ಇತಿಹಾಸದ ಅಧ್ಯಯನದಲ್ಲಿ ಈ ಕೃತಿಯನ್ನು ಆಕರವಾಗಿ ವ್ಯಾಪಕವಾಗಿ ಬಳಸಲಾಗಿದೆ. ಅದನ್ನು ಆ ಕಾಲದ ದಾಖಲೆಗಳೊಡನೆ ಹೋಲಿಸಿದ ಸಂಶೋಧಕರು, ಅರ್ಧ ಶತಮಾನದ ನಂತರ ಬರೆದ ಈ ನೆನಪುಗಳಲ್ಲಿ ಕಲ್ಪನೆಯೂ ಬೆರೆತಿರುವುದನ್ನು ತೋರಿಸಿದ್ದಾರೆ. ಕೃತಿಯು ಹಳೆಯ ಕಾಲವನ್ನು ಪ್ರೀತಿಯಿಂದ ನೆನೆದರೂ ಬಡತನವನ್ನು ಮರೆಮಾಚುವುದಿಲ್ಲ.

ಕೊನೆಯ ವರ್ಷಗಳು

1940ರಲ್ಲಿ ಕುಟುಂಬವು ಡೆವನ್ನಿನ ಬ್ರಿಕ್ಸಂಗೆ ಬಂದು ನೆಲೆಸಿತು. ಮರುವರ್ಷ ವ್ಯಾಪಾರಿ ಹಡಗಿನಲ್ಲಿದ್ದ ಕಿರಿಯ ಮಗ ಪೀಟರ್ ಟಾರ್ಪೆಡೊ ದಾಳಿಗೆ ಬಲಿಯಾದನು. ಈ ಶೋಕದ ನಡುವೆಯೇ ಅವರು ಮೂರನೆಯ ಸಂಪುಟವನ್ನು ಪೂರೈಸಿದರು. 1947ರಲ್ಲಿ ಹೃದಯಾಘಾತದಿಂದ ನಿಧನರಾದ ಅವರನ್ನು ಡಾರ್ಟ್‌ಮತ್‌ನ ಲಾಂಗ್‌ಕ್ರಾಸ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. 'ಸ್ಟಿಲ್ ಗ್ಲೈಡ್ಸ್ ದಿ ಸ್ಟ್ರೀಮ್' 1948ರಲ್ಲಿ, ಗ್ರೇಷಾಟ್ ದಿನಗಳನ್ನು ಕುರಿತ 'ಹೆದರ್ಲಿ' 1979ರಲ್ಲಿ ಮರಣೋತ್ತರವಾಗಿ ಪ್ರಕಟವಾದವು. ಕೃತಿತ್ರಯವನ್ನು ಆಧರಿಸಿದ ನಾಟಕವು 1978ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಪ್ರದರ್ಶನಗೊಂಡಿತು. ಬಿಬಿಸಿ ದೂರದರ್ಶನ ಧಾರಾವಾಹಿಯು 2008ರಿಂದ 2011ರವರೆಗೆ ಪ್ರಸಾರವಾಯಿತು.