ಬಡವರ ವಕೀಲ ಸಂತ ಈವೋ

ಕೋರ್ಟು ಕಚೇರಿಯ ಮೆಟ್ಟಿಲೇರಬಾರದೆಂಬುದು ನಮ್ಮ ಹಿರಿಯರು ಹೇಳಿಕೊಡುತ್ತ ಬಂದ ಬುದ್ಧಿಮಾತು. ಆದರೆ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳ ಪಾಲಿನ ಹೊಲವನ್ನು ದಾಯಾದಿಗಳು ಕಿತ್ತುಕೊಂಡರೆ, ಮುಗದದಂಥ ಹಳ್ಳಿಯಿಂದ ಅವಳು ಧಾರವಾಡದ ಕೋರ್ಟಿನ ದಾರಿ ಹಿಡಿಯದೆ ಗತ್ಯಂತರವಿಲ್ಲ. ಅಲ್ಲಿ ಅವಳ ಪರವಾಗಿ ಬಾಯಿ ತೆರೆಯುವವರು ಯಾರು? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟವರು ನ್ಯಾಯವಾದಿಗಳ ಪಾಲಕರಾದ ಸಂತ ಈವೋ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಅವರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಫ್ರಾನ್ಸ್ ದೇಶದ ಬ್ರಿಟನಿ ಪ್ರಾಂತದಲ್ಲಿ, ತ್ರೆಗಿಯೆ ಪಟ್ಟಣದ ಸಮೀಪದ ಕೆರ್ಮಾರ್ತಿನ್ ಎಂಬಲ್ಲಿ, 1253ರಲ್ಲಿ ಈವೋ ಕುಲೀನ ಮನೆತನವೊಂದರಲ್ಲಿ ಜನಿಸಿದರು. ಹದಿಹರೆಯದಲ್ಲೇ ಪ್ಯಾರಿಸ್ ವಿಶ್ವವಿದ್ಯಾನಿಲಯವನ್ನು ಸೇರಿ ದೈವಶಾಸ್ತ್ರವನ್ನೂ ಧರ್ಮಸಭೆಯ ಕಾನೂನನ್ನೂ ಅಭ್ಯಸಿಸಿದರು. ತರುವಾಯ ಓರ್ಲೆಯಾನ್ ನಗರದಲ್ಲಿ ಸಿವಿಲ್ ಕಾನೂನನ್ನು ಕಲಿತರು.

ವಿದ್ಯಾಭ್ಯಾಸ ಮುಗಿದ ಮೇಲೆ ರೆನ್ ನಗರದಲ್ಲಿಯೂ, ಅನಂತರ ತ್ರೆಗಿಯೆಯಲ್ಲಿಯೂ ಧರ್ಮಸಭೆಯ ನ್ಯಾಯಾಧೀಶರಾಗಿ ನೇಮಕಗೊಂಡರು. ಆ ಕಾಲದಲ್ಲಿ ವಿವಾಹ, ಮರಣಶಾಸನ ಮೊದಲಾದ ಅನೇಕ ವ್ಯಾಜ್ಯಗಳು ಇಂಥ ನ್ಯಾಯಾಲಯಗಳ ಮುಂದೆಯೇ ಬರುತ್ತಿದ್ದವು. ಲಂಚವೆಂಬುದು ಈವೋ ಅವರ ಬಳಿ ಸುಳಿಯಲಿಲ್ಲ. ವಾದಿ ಪ್ರತಿವಾದಿಗಳನ್ನು ಎದುರುಬದುರು ಕೂರಿಸಿ ರಾಜಿ ಮಾಡಿಸಲು ಅವರು ಮೊದಲು ಯತ್ನಿಸುತ್ತಿದ್ದರು. ರಾಜಿಯಾದರೆ ಖರ್ಚೂ ಉಳಿಯಿತು, ನೆಂಟಸ್ತಿಕೆಯೂ ಉಳಿಯಿತು. ಅಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಬೇರೆ ನ್ಯಾಯಾಲಯಗಳಲ್ಲಿ ಬಡವರ, ವಿಧವೆಯರ, ಅನಾಥರ ಪರವಾಗಿ ತಾವೇ ನಿಂತು ಶುಲ್ಕವಿಲ್ಲದೆ ವಾದಿಸಿದರು; ಎಷ್ಟೋ ಸಲ ದಾವೆಯ ವೆಚ್ಚವನ್ನೂ ತಾವೇ ಭರಿಸಿದರು.

ಟೂರ್ ನಗರದ ವಿಧವೆಯೊಬ್ಬಳ ಕಥೆ ಪರಂಪರೆಯಿಂದ ಬಂದಿದೆ. ವಸತಿಗೃಹ ನಡೆಸುತ್ತಿದ್ದ ಅವಳ ಬಳಿ ಇಬ್ಬರು ವಂಚಕರು ಬೀಗ ಹಾಕಿದ ಚೀಲವೊಂದನ್ನಿಟ್ಟು, ಇಬ್ಬರೂ ಕೂಡಿ ಬಂದಾಗ ಮಾತ್ರ ಅದನ್ನು ಕೊಡಬೇಕೆಂದು ಕರಾರು ಮಾಡಿದರು. ಕೆಲವು ದಿನಗಳ ಮೇಲೆ ಒಬ್ಬನು ಬಂದು ನೆಪ ಹೇಳಿ ಚೀಲವನ್ನು ಒಯ್ದನು. ಇನ್ನೊಬ್ಬನು ಅದರಲ್ಲಿ ಅಪಾರ ಚಿನ್ನವಿತ್ತೆಂದು ದಾವೆ ಹೂಡಿದನು. ತೀರ್ಪು ಅವಳ ವಿರುದ್ಧ ಬೀಳುವಂತಿದ್ದಾಗ ಈವೋ ಅವಳ ಪರವಾಗಿ ಎದ್ದು ನಿಂತರು. ಚೀಲ ಸಿಕ್ಕಿದೆ, ಕೊಡಲು ಸಿದ್ಧರಿದ್ದೇವೆ. ಆದರೆ ಕರಾರಿನಂತೆ ವಾದಿಯು ಮೊದಲು ತನ್ನ ಜೊತೆಗಾರನನ್ನು ಕರೆತರಲಿ ಎಂಬುದು ಅವರ ವಾದ. ವಂಚಕನ ಬಾಯಿ ಕಟ್ಟಿತು. ವಿಧವೆಯ ಕಡೆ ಸತ್ಯವು ಮೊದಲಿನಿಂದಲೂ ಇತ್ತು. ಇಲ್ಲದಿದ್ದುದು ಅದನ್ನು ನ್ಯಾಯಾಲಯಕ್ಕೆ ತಿಳಿಯುವಂತೆ ಹೇಳಬಲ್ಲ ನಾಲಗೆ.

ಗುರುದೀಕ್ಷೆ ಪಡೆದ ಮೇಲೆ ಈವೋ ತ್ರೆದ್ರೆ, ಲುವಾನೆಕ್ ಎಂಬ ಹಳ್ಳಿಗಳ ಧರ್ಮಕೇಂದ್ರಗಳಲ್ಲಿ ವಿಚಾರಣಾ ಗುರುಗಳಾಗಿ ಸೇವೆ ಸಲ್ಲಿಸಿದರು. ಒರಟು ಬಟ್ಟೆಯನ್ನುಟ್ಟು, ಹುಲ್ಲಿನ ಮೇಲೆ ಮಲಗಿ, ಕೆರ್ಮಾರ್ತಿನ್ನಿನ ತಮ್ಮ ಮನೆಯನ್ನೇ ದೀನದರಿದ್ರರಿಗೆ ಆಶ್ರಯವಾಗಿಸಿದರು. 1303ರ ಮೇ 19ರಂದು ಪ್ರಭುವಿನಲ್ಲಿ ನಿದ್ರಿಸಿದರು. 1347ರಲ್ಲಿ ಜಗದ್ಗುರು ಆರನೆಯ ಕ್ಲೆಮೆಂಟರು ಅವರಿಗೆ ಸಂತಪದವಿಯನ್ನಿತ್ತರು.

ದೀನರಿಗಾಗಿ ಬಾಳಿದ ವಕೀಲರು ನಮ್ಮ ಕನ್ನಡ ನಾಡಿನಲ್ಲಿಯೂ ಆಗಿಹೋಗಿದ್ದಾರೆ. 1859ರಲ್ಲಿ ಕಾಸರಗೋಡಿನ ಕಡೆಯ ಕುದ್ಮುಲ್‌ನಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲರಾದ ರಂಗರಾಯರು, ಕೊನೆಗೆ ತಮ್ಮ ಬದುಕನ್ನೇ ದಲಿತರ ಏಳಿಗೆಗೆ ಮುಡಿಪಾಗಿಟ್ಟರು.

ಆದರೆ ಇಂಥ ಪುಣ್ಯಾತ್ಮರು ದೊರೆತರೆ ಮಾತ್ರ ನ್ಯಾಯ, ಇಲ್ಲವಾದರೆ ಇಲ್ಲ ಎಂಬಂತಾಗಬಾರದಷ್ಟೆ. ಅದಕ್ಕಾಗಿಯೇ 1976ರಲ್ಲಿ ನಮ್ಮ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ, ಉಚಿತ ಕಾನೂನು ನೆರವನ್ನು ಸರ್ಕಾರದ ಹೊಣೆಯಾಗಿಸಲಾಯಿತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು 1995ರ ನವೆಂಬರ್ 9ರಿಂದ ಜಾರಿಗೆ ಬಂದಿತು. ಈ ನೆರವು ಕ್ರಿಮಿನಲ್ ಮೊಕದ್ದಮೆಗಳಿಗೆ ಮಾತ್ರವಲ್ಲ. ಹೊಲಮನೆಯ ವಾಟ್ನಿ, ಜೀವನಾಂಶದಂಥ ಸಿವಿಲ್ ದಾವೆಗಳಿಗೂ ಉಂಟು. ಸ್ತ್ರೀಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಪಂಗಡದವರು, ಕಾರ್ಖಾನೆ ಕಾರ್ಮಿಕರು ಮುಂತಾದವರಿಗೆ ವರಮಾನದ ಮಿತಿಯಿಲ್ಲ. ಉಳಿದವರಿಗೆ ಸರ್ಕಾರ ಗೊತ್ತುಪಡಿಸಿದ ಮಿತಿಯುಂಟು. ದಾವೆಯಲ್ಲಿ ಮೇಲ್ನೋಟಕ್ಕೆ ಹುರುಳಿದೆಯೆಂದು ಕಂಡುಬಂದರೆ ವಕೀಲರನ್ನು ನೇಮಿಸಿಕೊಡಲಾಗುತ್ತದೆ. ಇದಕ್ಕೆ ಧಾರವಾಡದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರಾಯಿತು. ಈವೋ ಅವರಿಗೆ ಪ್ರಿಯವಾಗಿದ್ದ ರಾಜಿಯ ದಾರಿಯೂ ಲೋಕ ಅದಾಲತ್ತಿನ ರೂಪದಲ್ಲಿ ನಮ್ಮೆದುರಿಗಿದೆ. ಬಾಕಿಯಿರುವ ದಾವೆ ಅಲ್ಲಿ ತೀರಿದರೆ ಕಟ್ಟಿದ ಕೋರ್ಟ್ ಶುಲ್ಕವೂ ಹಿಂದಿರುಗುತ್ತದೆ.

ಈವೋ ಅವರು ಕರುಣೆಯಿಂದ ಕೊಟ್ಟುದನ್ನು ಇಂದು ಕಾನೂನು ಹಕ್ಕಾಗಿ ಕೊಟ್ಟಿದೆ. ಆದರೂ ಅರಿವಿಲ್ಲದೆಯೋ ನಾಚಿಕೆಯಿಂದಲೋ ಮನೆಯ ಮೂಲೆಯಲ್ಲಿ ಕಣ್ಣೀರಿಡುವವರು ನಮ್ಮ ನೆರೆಹೊರೆಯಲ್ಲಿಯೂ ಇರಬಹುದು. ಭಕ್ತಬಾಂಧವರೇ, ಓದು ಬಲ್ಲವರು ಅಂಥವರಿಗೊಂದು ಅರ್ಜಿ ಬರೆದುಕೊಡೋಣ. ಬಿಡುವಿದ್ದವರು ಅವರೊಡನೆ ಧಾರವಾಡದವರೆಗೆ ಹೋಗಿಬರೋಣ. ಸಂತ ಈವೋ ಅವರಿಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ ಇದೇ. ಅವರ ಬಿನ್ನಹದ ಫಲವಾಗಿ ದೀನರಿಗೆ ನ್ಯಾಯ ದೊರೆಯಲಿ.