ಡನ್‌ಲಪ್ ಪಾಠದಲ್ಲಿ ನಾನು ತಿದ್ದಿಕೊಂಡದ್ದು

ಯಾಣದ ಕಡೆಯ ಪ್ರೌಢಶಾಲೆಯೊಂದರಲ್ಲಿ ನನ್ನ ಅಭ್ಯಾಸ ಬೋಧನೆ ನಡೆಯಿತು. ಎಂಟನೇ ತರಗತಿ, ಘಟಕ ಬಲ ಮತ್ತು ಒತ್ತಡ. ಕುಮಟಾದಿಂದ ಬರುವ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕರೆ ರಸ್ತೆಯ ಪ್ರತಿ ಹೊಂಡವೂ ಬೆನ್ನಿಗೆ ತಿಳಿಯುತ್ತದೆ. ಮಕ್ಕಳಿಗೂ ಗೊತ್ತಿದ್ದ ಈ ಅನುಭವವನ್ನೇ ಪೀಠಿಕೆ ಮಾಡಿಕೊಂಡು ಜಾನ್ ಬಾಯ್ಡ್ ಡನ್‌ಲಪ್ ಅವರ ಕಥೆ ಹೇಳಿದೆ.

ಡನ್‌ಲಪ್ 1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ವೃತ್ತಿಯಲ್ಲಿ ಪಶುವೈದ್ಯರು, ನೆಲೆಸಿದ್ದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಅವರ ಚಿಕ್ಕ ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ಹಾಸಿನ ಬೀದಿಯಲ್ಲಿ ಕುಲುಕುತ್ತಿತ್ತು. 1887ರಲ್ಲಿ ಅವರು ಮರದ ಬಿಲ್ಲೆಯೊಂದಕ್ಕೆ ರಬ್ಬರ್ ಕೊಳವೆ ಸುತ್ತಿ, ಮೇಲೆ ಬಟ್ಟೆ ಹೊದಿಸಿ, ಗಾಳಿ ತುಂಬಿದರು. ಸೈಕಲ್ಲಿನ ಹಳೆಯ ಚಕ್ರವನ್ನೂ ಇದನ್ನೂ ಅಂಗಳದಲ್ಲಿ ಉರುಳಿಸಿ ನೋಡಿದಾಗ ಗಾಳಿಯ ಚಕ್ರವೇ ಹೆಚ್ಚು ದೂರ ಹೋಯಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷ ಬೆಲ್‌ಫಾಸ್ಟ್‌ನ ಸೈಕಲ್ ಪಂದ್ಯಗಳಲ್ಲಿ ಈ ಟೈರು ಗೆದ್ದಿತು. 1895ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಗಾಳಿ ಟೈರು ಹಾಕಿದ ಕಾರನ್ನು ಪಂದ್ಯಕ್ಕೆ ಇಳಿಸಿದರು.

ಚಟುವಟಿಕೆಗಾಗಿ ಸೈಕಲ್ಲಿನ ಕ್ಯಾರಿಯರ್ ಮೇಲೆ ನೀರಿನ ಲೋಟ ಕಟ್ಟಿ, ಅಡಿಕೆ ದಬ್ಬೆಗಳ ಮೇಲೆ ತಳ್ಳಿಸಿದೆ. ಗಟ್ಟಿಯಾಗಿ ಗಾಳಿ ತುಂಬಿದಾಗ ನೀರು ಹೆಚ್ಚು ಚೆಲ್ಲಿತು. ಸ್ವಲ್ಪ ಇಳಿಸಿದಾಗ ಕಡಿಮೆ. ಆದರೆ ಆಗ ತಳ್ಳುವುದು ಕಷ್ಟವಾಯಿತು. ಹಿತವೂ ಬೇಕು, ಓಟವೂ ಬೇಕು ಎಂದರೆ ಗಾಳಿ ಹದವಾಗಿರಬೇಕು ಎಂದು ಮಕ್ಕಳೇ ಹೇಳಿದರು. ಕಾರಿನಲ್ಲಿ ಸಣ್ಣ ಜಲ್ಲಿಯ ಕುಲುಕನ್ನು ಟೈರು ನುಂಗುತ್ತದೆ, ದೊಡ್ಡ ಹೊಂಡಕ್ಕೆ ಸ್ಪ್ರಿಂಗ್ ಬಗ್ಗುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಕಾರು ಕುಣಿಯುತ್ತಲೇ ಇರುತ್ತದೆ. ಶಾಕ್ ಅಬ್ಸಾರ್ಬರ್ ಆ ಚಲನೆಯನ್ನು ಶಾಖವಾಗಿಸಿ ನಿಲ್ಲಿಸುತ್ತದೆ. ಚಕ್ರ ಹಗುರವಾಗಿದ್ದಷ್ಟೂ ರಸ್ತೆಯ ಏರುತಗ್ಗನ್ನು ಸುಲಭವಾಗಿ ಹಿಂಬಾಲಿಸುತ್ತದೆ ಎಂದು ವಿವರಿಸಿದೆ.

ಪಾಠ ಚೆನ್ನಾಯಿತು ಎಂದುಕೊಂಡೆ. ಆದರೆ ಡನ್‌ಲಪ್ ಗಾಳಿ ಟೈರಿನ ಮೊದಲ ಸಂಶೋಧಕರು ಎಂದು ಹಲಗೆಯ ಮೇಲೆ ಬರೆದಿದ್ದೆ. ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಆ ಸಾಲಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಆ ರಾತ್ರಿ ಓದಿದಾಗ ತಿಳಿಯಿತು: ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಇಂಥ ಟೈರಿಗೆ ಪೇಟೆಂಟ್ ಪಡೆದಿದ್ದರು. ಅದು ಕುದುರೆ ಗಾಡಿಗಳ ಕಾಲ. ಟೈರು ಬಳಕೆಗೆ ಬರದೆ ಮರೆಯಾಯಿತು. ಇದೇ ಕಾರಣಕ್ಕೆ ಡನ್‌ಲಪ್ ಅವರ ಪೇಟೆಂಟ್ ಮುಂದೆ ಅಸಿಂಧುವಾಯಿತು.

ಮರುದಿನ ಮಕ್ಕಳೆದುರು ನನ್ನ ತಪ್ಪನ್ನು ಒಪ್ಪಿಕೊಂಡೆ. ಮಾತು ಹೊರಬರುವಾಗ ಗಂಟಲು ಒಣಗಿತ್ತು. ಹಾಗಾದರೆ ಡನ್‌ಲಪ್ ಕದ್ದರಾ ಎಂದು ಒಬ್ಬಳು ಕೇಳಿದಳು. ಅವರಿಗೆ ಥಾಮ್ಸನ್ ಅವರ ಕೆಲಸ ಗೊತ್ತಿರಲಿಲ್ಲ, ಬಳಕೆಗೆ ಬರುವ ಟೈರು ಮಾಡಿದ್ದು ಅವರ ಹಿರಿಮೆ ಎಂದೆ. 1921ರಲ್ಲಿ ತೀರಿಕೊಂಡ ಡನ್‌ಲಪ್ ಅವರಿಗೆ ತಮ್ಮ ಹೆಸರಿನ ಕಂಪನಿಯಿಂದ ದೊಡ್ಡ ಸಂಪತ್ತೇನೂ ಬರಲಿಲ್ಲ ಎಂಬುದನ್ನೂ ಹೇಳಿದೆ.

ಮಕ್ಕಳು ತಮ್ಮ ಟಿಪ್ಪಣಿಯಲ್ಲಿ ಮೊದಲ ಎಂಬ ಪದವನ್ನು ಹೊಡೆದುಹಾಕಿ, ಥಾಮ್ಸನ್ ಹೆಸರು ಸೇರಿಸಿಕೊಂಡರು. ನನ್ನ ಪಾಠ ಯೋಜನೆಯಲ್ಲೂ ಹಾಗೆಯೇ ತಿದ್ದಿದ್ದೇನೆ.