ಜನರ ಮನ ಗೆದ್ದ ವಿಜ್ಞಾನಿ ಹಾಫ್‌ಕಿನ್

ಶಾಲೆಯ ಸುವರ್ಣ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಮಹನೀಯರೊಬ್ಬರನ್ನು ಕುರಿತು ಬರೆಯಲು ಸೂಚನೆ ಬಂದಾಗ ನನಗೆ ಮೊದಲು ನೆನಪಾದವರು ವಾಲ್ಡೆಮಾರ್ ಹಾಫ್‌ಕಿನ್. ಮಾಧವನಗರದಲ್ಲಿ ಆರೋಗ್ಯ ಸೇವೆ ಮಾಡುತ್ತಿರುವ ಈ ಹಳೆಯ ವಿದ್ಯಾರ್ಥಿಗೆ ಅವರು ಕಾಣದ ಗುರುಗಳು.

1860ರಲ್ಲಿ ಒಡೆಸ್ಸಾದ ಯಹೂದಿ ಕುಟುಂಬದಲ್ಲಿ ಜನಿಸಿದ ಅವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ, 1892ರಲ್ಲಿ ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಲ್ಪ ಸೌಕರ್ಯಗಳೊಡನೆ ಹಗಲಿರುಳು ದುಡಿದು ಲಸಿಕೆ ತಯಾರಿಸಿದ ಹಾಫ್‌ಕಿನ್, 1897ರ ಜನವರಿ 10ರಂದು ಅದನ್ನೂ ತಮ್ಮ ಮೇಲೆಯೇ ಪರೀಕ್ಷಿಸಿಕೊಂಡರು. ಅದೇ ವರ್ಷ ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ರೋಗಿಗಳನ್ನು ಹುಡುಕಿದರು, ಜನ ರೊಚ್ಚಿಗೆದ್ದರು, ಜೂನ್ 22ರಂದು ಅಧಿಕಾರಿ ರ‍್ಯಾಂಡ್ ಗುಂಡಿಗೆ ಗುರಿಯಾದರು. ಹಾಫ್‌ಕಿನ್ ಹಿಡಿದ ದಾರಿಯೇ ಬೇರೆ. ಜನ ನಂಬುವ ಹಿರಿಯರನ್ನು ಅವರು ಮೊದಲು ಒಲಿಸಿಕೊಂಡರು. ತರುಣ ಆಗಾ ಖಾನರು ಎಲ್ಲರೆದುರು ಲಸಿಕೆ ಹಾಕಿಸಿಕೊಂಡಾಗ ಖೋಜಾ ಸಮಾಜದ ಭಯ ಕರಗಿತು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಈ ಲಸಿಕೆ ಪಡೆದರು.

ಆದರೆ ಗಳಿಸಿದ ವಿಶ್ವಾಸ ಒಡೆಯಲು ಒಂದು ಸೀಸೆ ಸಾಕಾಯಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಒಂದೇ ಸೀಸೆಯ ಲಸಿಕೆ ಪಡೆದ 19 ಜನರು ಧನುರ್ವಾತದಿಂದ ಸತ್ತರು. ಅಪವಾದ ಹಾಫ್‌ಕಿನ್ನರ ತಲೆಗೆ ಬಂದಿತು, ಹುದ್ದೆ ಹೋಯಿತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ವಾದಿಸಿದ ಮೇಲೆ, 1907ರಲ್ಲಿ ಆ ಕಳಂಕ ಕಳೆಯಿತು. ಅವರು ಮತ್ತೆ ಭಾರತಕ್ಕೇ ಬಂದು ಸೇವೆ ಮುಂದುವರಿಸಿದರು. 1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಅವರು ನಿಧನ ಹೊಂದಿದರು.

2021ರಲ್ಲಿ ಕೊರೊನಾ ಲಸಿಕೆ ಹಾಕಿಸಿಕೊಳ್ಳಲು ನಮ್ಮ ಓಣಿಯ ಅಜ್ಜಿಯೊಬ್ಬರು ಒಪ್ಪಲಿಲ್ಲ. ನಾನು ಅಂಕಿ-ಅಂಶ ಹೇಳಿದೆ, ಗದರಿಸಿದೆ. ಅವರು ಬಾಗಿಲು ಹಾಕಿಕೊಂಡರು. ಆ ರಾತ್ರಿ ಹಾಫ್‌ಕಿನ್ನರನ್ನು ನೆನೆದು ನಾಚಿದೆ. ಮರುದಿನ ಅವರ ಕಟ್ಟೆಯ ಮೇಲೆ ಕುಳಿತು, ಅವರ ಅಂಜಿಕೆಯ ಕಾರಣವನ್ನು ಕೇಳಿದೆ. ಜ್ವರ ಬಂದರೆ ನೋಡಿಕೊಳ್ಳುವವರು ಯಾರೂ ಇಲ್ಲವೆಂಬುದೇ ಅವರ ಚಿಂತೆಯಾಗಿತ್ತು. ಎರಡು ದಿನ ಬಂದು ನೋಡಿಕೊಳ್ಳುವೆನೆಂದು ಮಾತು ಕೊಟ್ಟೆ. ಅಜ್ಜಿ ತೋಳು ಚಾಚಿದರು. ಕೊಟ್ಟ ಮಾತನ್ನು ನಡೆಸಿದೆ.

ಆರೋಗ್ಯ ಸೇವೆಗೆ ಹೊರಡುವ ನಮ್ಮ ಶಾಲೆಯ ಮಕ್ಕಳು ಔಷಧದ ಪೆಟ್ಟಿಗೆಯೊಡನೆ ಕೇಳುವ ಕಿವಿಯನ್ನೂ ಒಯ್ಯಲಿ ಎಂದು ಹಾರೈಸುತ್ತೇನೆ.